ಕಾಲಂ ಏಳು

ಗುಮಾಸ್ತ ಸೊಣ್ಣೇಗೌಡ ಫಾರಂ ಇಟ್ಟು ಹೋದ.
ಸೋಮವಾರ ತಪಾಸಣೆಯವರು ಬರುತ್ತಾರಂತೆ,
ಥಿಯೇಟರಿನಲ್ಲಿ ಅರಿವಳಿಕೆ ಯಂತ್ರದ ಪಕ್ಕ ನಿಲ್ಲುವವರ
ಅರ್ಹತೆ, ಅನುಭವ, ಎಲ್ಲವೂ ಕಪ್ಪು ಮಸಿಯಲ್ಲಿ,
ಗೀಟು ದಾಟಬಾರದು.

ಹೆಸರು: ಎನ್. ಅಕ್ಕಯಮ್ಮ.
ವಿದ್ಯಾರ್ಹತೆ: ಜಿಎನ್‌ಎಂ, ಕೋಲಾರ.
(ಅಂಗರಚನೆಯಲ್ಲಿ ಒಂದು ಸಲ ಫೇಲು.
ಅವರು ಕೇಳಿಲ್ಲ, ನಾನು ಬರೆಯಲಿಲ್ಲ.)
ನೋಂದಣಿ ಸಂಖ್ಯೆ: ಇದೆ. ಲ್ಯಾಮಿನೇಶನ್ನಿನವನು
ಕೊನೆಯ ಅಂಕಿಯ ಮೇಲೆ ಗುಳ್ಳೆ ಎಬ್ಬಿಸಿದ್ದಾನೆ,
ಮೂರೋ ಎಂಟೋ, ಓರೆ ಹಿಡಿದು ನೋಡಬೇಕು.
ಅರಿವಳಿಕೆ ತರಬೇತಿ: ಬೆಂಗಳೂರು, ಆರು ತಿಂಗಳು,
ಹಾಸ್ಟೆಲಿನ ನಲ್ಲಿಯಲ್ಲಿ ರಾತ್ರಿ ಎರಡಕ್ಕೆ ನೀರು.

ಕಾಲಂ ಏಳು: ಪೂರ್ವ ಅನುಭವ.
ಇಲ್ಲಿ ಪೆನ್ನು ನಿಂತಿತು.

ಜಂಗಮಕೋಟೆ ಕಡೆಯ ನಮ್ಮೂರಲ್ಲಿ
ಹುಳುಮನೆಯ ತಟ್ಟೆಗಳ ಕೆಳಗೆ ಮಲಗಿ ಬೆಳೆದವಳು ನಾನು.
ರಾತ್ರಿಯಿಡೀ ಸೊಪ್ಪು ಮೇಯುವ ಸದ್ದು,
ಯಾರೋ ಕತ್ತಲಲ್ಲಿ ಹೊಸ ನೋಟು ಎಣಿಸಿದ ಹಾಗೆ.
ಆ ಸದ್ದು ನಿಂತರೆ ಅಜ್ಜಿ ಎದ್ದು ಕೂರುತ್ತಿದ್ದಳು.
"ಜ್ವರಕ್ಕೆ ಕೂತವೆ. ಇನ್ನು ಸೊಪ್ಪು ಮುಟ್ಟಿಸಬೇಡ್ರೇ."
ತಲೆಯೆತ್ತಿ, ಅಲುಗದೆ, ಒಂದು ಹಗಲು ಒಂದು ರಾತ್ರಿ.
ಬಾಗಿಲು ಬಡಿಯುವಂತಿಲ್ಲ, ಬೀಡಿ ಹಚ್ಚುವಂತಿಲ್ಲ,
ಒಗ್ಗರಣೆ ಕೂಡ ಪಕ್ಕದ ಮನೆಯಲ್ಲಿ.
ಹಳೇ ಚರ್ಮ ಬಿಡುವ ಹೊತ್ತು,
ಗಾಳಿ ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ.
ಲಾಂದ್ರ ತಗ್ಗಿಸಿ ಒಂದೊಂದು ತಟ್ಟೆಗೂ ಬಗ್ಗುವಳು,
ಜೀವ ಇದೆಯೋ ಅಂತಲ್ಲ, ಬಣ್ಣ ಹೇಗಿದೆ ಅಂತ.
ಅವಳಿಗೆ ಸಹಿ ಬರುತ್ತಿರಲಿಲ್ಲ.

ಮಂಗಳವಾರ, ಶುಕ್ರವಾರ
ಚಿಕ್ಕಬಳ್ಳಾಪುರದಿಂದ ನಮ್ಮ ಶಿಡ್ಲಘಟ್ಟಕ್ಕೆ ಅರಿವಳಿಕೆ ಡಾಕ್ಟರು.
ಸೂಜಿ ಅವರದು, ಔಷಧದ ಲೆಕ್ಕ ಅವರದು.
ನನ್ನದು ಅದಕ್ಕೂ ಮುಂಚೆ:
"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ?"
"ಇಲ್ಲ ಸಿಸ್ಟರ್, ಬರೀ ಒಂದು ಬನ್ನು."
ಬನ್ನು ಊಟವಲ್ಲ ಈ ಊರಲ್ಲಿ,
ಕಾಫಿ ಊಟವಲ್ಲ, ಎಲೆಯಡಿಕೆ ಊಟವಲ್ಲ,
ಅತ್ತೆ ಕದ್ದು ತಿನ್ನಿಸಿದ ಇಡ್ಲಿಯಂತೂ ಲೆಕ್ಕಕ್ಕೇ ಇಲ್ಲ.
ಎಷ್ಟು ಆಪರೇಷನ್ನು ಮುಂದಕ್ಕೆ ಹಾಕಿಸಿ
ಎಷ್ಟು ಮನೆಯವರಿಂದ ಬೈಸಿಕೊಂಡಿದ್ದೇನೋ.
ಜ್ವರಕ್ಕೆ ಕೂತದ್ದಕ್ಕೆ ಸೊಪ್ಪು ಹಾಕಬಾರದು, ಅಷ್ಟೆ.

ಹೋದ ವಾರ ನೂಲು ಬಿಚ್ಚುವ ಜುಬೇದಾಬಿ ಬಂದಳು,
ಪಿತ್ತಕೋಶದಲ್ಲಿ ಕಲ್ಲು.
ಮೂವತ್ತು ವರ್ಷ ಕುದಿನೀರಲ್ಲಿ ಅದ್ದಿದ ಬೆರಳು,
ಕ್ಲಿಪ್ಪು ಹಾಕಿದರೆ ಮಾನಿಟರಿನಲ್ಲಿ ಬರೀ ಗೀಟು.
ಡಾಕ್ಟರು ಯಂತ್ರಕ್ಕೆ ಒಂದೇಟು ಕೊಟ್ಟರು.
ನಾನು ಅವಳ ಓಲೆ ಬಿಚ್ಚಿ
ಕಿವಿಯ ಹಾಲೆಗೆ ಸಿಕ್ಕಿಸಿದೆ. ತೊಂಬತ್ತೆಂಟು.
"ಗೂಡೊಳಗಿನ ಹುಳದ ಥರ ಆಗಲ್ಲ ತಾನೆ, ಸಿಸ್ಟರ್?"
ನಾನು ಓಲೆಗಳನ್ನು ಹತ್ತಿಯಲ್ಲಿ ಸುತ್ತುತ್ತಿದ್ದೆ.
ನಮ್ಮ ಗೂಡು ಮಾರುಕಟ್ಟೆ ತನಕ ಮಾತ್ರ ನಮ್ಮದು,
ಆಮೇಲೆ ಇವರ ಒಲೆ.
ಅಜ್ಜಿ ಅತ್ತ ಕಡೆ ತಿರುಗಿ ದುಡ್ಡು ಎಣಿಸಿಕೊಳ್ಳುತ್ತಿದ್ದಳು.

"ಹತ್ತರಿಂದ ಹಿಂದಕ್ಕೆ ಎಣಿಸಿ" ಅಂದೆ.
"ದಸ್. ನೌ."

ಗಂಟೆ ಎರಡಾಯಿತು.
ಬಿಪಿ ಒಮ್ಮೆ ಜಾರಿತು, ಡಾಕ್ಟರಿಗಿಂತ ಮುಂಚೆ
ಅವಳ ತುಟಿಯ ಬಣ್ಣ ನನಗೆ ಹೇಳಿತ್ತು.
ಹೊಲಿಗೆ ಮುಗಿದು, ಕೊಳವೆ ತೆಗೆದು,
ಹೆಗಲು ತಟ್ಟಿ ಹೆಸರು ಹಿಡಿದು ಕೂಗಿದೆ.
ಇಲ್ಲ. ಇನ್ನೊಮ್ಮೆ. ಮತ್ತೊಮ್ಮೆ.
ಫ್ಯಾನು ಕಿರುಗುಟ್ಟುತ್ತಿತ್ತು.
ಕಣ್ಣು ತೆರೆಯದೆಯೇ ಅವಳು
"ಆಠ್" ಅಂದಳು.

ಬಾಗಿಲಲ್ಲಿ ಸೊಣ್ಣೇಗೌಡ. "ಅಕ್ಕಯ್ಯಾ, ಆಯ್ತಾ?"
ಇಪ್ಪತ್ತೆರಡು ವರ್ಷ ಎಂದು ಬರೆದಿದ್ದೆ.
ಅದನ್ನು ಹೊಡೆದು ಮೂವತ್ತಾರು ಮಾಡಿದೆ.
"ಕೆಲಸಕ್ಕೆ ಸೇರಿದ ದಿನಾಂಕಕ್ಕೆ ತಾಳೆ ಆಗಲ್ವಲ್ಲ!"
"ಆಗಲ್ಲ" ಅಂದೆ.
ಅವನು ತಲೆ ಕೆರೆದುಕೊಂಡ.
"ಸರಿ, ತಿದ್ದಿದ ಕಡೆ ಒಂದು ಸಹಿ ಹಾಕಿ."