ಕಲೆ

ಮಾರ್ಚ್ ಕೊನೆಯ ವಾರ, ದೋಣಿ ಶುರುವಾಗುವ ಮೊದಲು
ಮೊಣಕಾಲೂರಿ ಕೂತು
ರಾಣಿಯ ಕೋಣೆಯ ನೆತ್ತರಿಗೆ ಹೊಸ ಬಣ್ಣ ಕೊಡುತ್ತೇನೆ.

ಅಜ್ಜಿಯ ಕಾಲಕ್ಕೆ ಎತ್ತಿನ ರಕ್ತ,
ಕಟುಕ ಫಾರ್ಕರ್ ಪುಕ್ಕಟೆ ಕೊಡುತ್ತಿದ್ದನಂತೆ.
ಅಮ್ಮ ಬೀಟ್‌ರೂಟು ಬೇಯಿಸಿದ ನೀರಿಗೆ ಒಲೆಯ ಮಸಿ ಬೆರೆಸಿದಳು.
'ಕಲೆ ತೆಗೆಯೋದು ಯಾರಿಗೂ ಬರುತ್ತೆ ಕಣೇ,
ಇಡೋದು ಕಷ್ಟ' ಅನ್ನುತ್ತಿದ್ದಳು.
ನನ್ನದು ಕಂದು ಬೂಟ್ ಪಾಲಿಶು, ಎರಡು ಹನಿ ಸೀಮೆಎಣ್ಣೆ,
ತಿಕ್ಕಲು ಗಂಡನ ಹಳೇ ಬನಿಯನ್ನು.
ಒಣಗಲು ಒಂದು ರಾತ್ರಿ.
ಬೆಳಗಾದರೆ ನಾನೂರು ವರ್ಷ ಹಳೆಯದು.

ಅರ್ನಿಕ್ ಸರೋವರದ ನಡುಗಡ್ಡೆ, ಮೋಟು ಗೋಪುರ,
ಎಪ್ಪತ್ತೆರಡು ಮೆಟ್ಟಿಲು, ಟಿಕೆಟ್ಟು ಆರು ಪೌಂಡು.
ನಾನು ಗ್ರಿಜೆಲ್ ಟುಲಕ್, ಮೂರನೇ ತಲೆಮಾರು,
ಬಂದವರ ಮುಖ ನೋಡಿ ಮಣೆ ಹಾಕುವವಳು.

ದಕ್ಷಿಣದ ಬಸ್ಸಿಗೆ:
'ಇಗೋ, ಈ ಕಿಟಕಿಯಲ್ಲಿ ದೀಪ ಇಟ್ಟು
ಲಾಯದವನಿಗೆ ಸನ್ನೆ ಮಾಡಿದಳು.
ಇಗೋ, ಇಲ್ಲಿ ಬಿದ್ದ ಗಂಡ.'
ಹೆಂಗಸರ ಕೈ ಬಾಯಿಗೆ, ಗಂಡಸರ ಕೈ ಕ್ಯಾಮೆರಾಕ್ಕೆ.

ಮಠದ ಸೋದರಿಯರು ಬಂದ ದಿನ ದನಿ ಇಳಿಸುತ್ತೇನೆ.
ಅದೇ ಕಿಟಕಿ, ಅದೇ ದೀಪ, ಈಗ ಪ್ರಾರ್ಥನೆಗೆ.
ಅದೇ ನೆತ್ತರು, ಈಗ ಅವಳದೇ.
ಒಬ್ಬಾಕೆ ಕರವಸ್ತ್ರ ಒತ್ತಿ, ಮಡಿಸಿ, ಎದೆಗಿಟ್ಟುಕೊಂಡಳು.
ಪಾಲಿಶಿನ ವಾಸನೆ ಬಡಿದಿರಬೇಕು.
ಏನೂ ಅನ್ನಲಿಲ್ಲ.

ಆಚೆ ದಡದ ನಮ್ಮೂರಿಗೆ ಅವಳ ಮೇಲಿನ ಕೋಪ ಇಳಿದಿಲ್ಲ.
ಸೇತುವೆ ಕೊಚ್ಚಿಹೋದರೆ ಅವಳ ಶಾಪ,
ಮೀನು ಬೀಳದಿದ್ದರೆ ಅವಳ ಕಣ್ಣು.
ಪಾದ್ರಿಯ ಹೆಂಡತಿ ಮೊಟ್ಟೆಯಿಡದ ಕೋಳಿಗೆ
ಅವಳ ಹೆಸರಿಟ್ಟು ಕರೆಯುತ್ತಾಳೆ.
ಅವಳದೇ ಅಂಗಡಿಯಲ್ಲಿ
ರಾಣಿಯ ಮುಖದ ಬಿಸ್ಕತ್ತಿನ ಡಬ್ಬಿ, ಎರಡು ಅಳತೆಯಲ್ಲಿ.

ಹೋದ ಶರತ್ಕಾಲ, ಹೊಗೆಗೂಡು ಕೆಡವುವಾಗ
ಚರ್ಮದಲ್ಲಿ ಸುತ್ತಿದ ಕಟ್ಟೊಂದು ಸಿಕ್ಕಿತು.
ಪ್ರೇಮಪತ್ರವೆಂದು ಪತ್ರಿಕೆಯವರು ಎರಡು ದೋಣಿ ತುಂಬ ಬಂದರು.
ದಾಖಲೆ ಕಚೇರಿಯ ಸೊರ್ಖಾ ಗೆಡಿಸ್,
ಕೈಗವಸು ತೊಟ್ಟ ಎಳೆಯ ಹುಡುಗಿ,
ಉಸಿರು ಹಿಡಿದು ಓದಿದಳು.

ಲೆಕ್ಕ. ಬರೀ ಲೆಕ್ಕ.
ಓಟ್ಸ್ ಹಿಟ್ಟು. ಉಪ್ಪು ಹಾಕಿದ ಹಾವುಮೀನು.
ರಾಣಿಯ ಎಡಗಾಲ ಊತಕ್ಕೆ ಉಣ್ಣೆಪಟ್ಟಿ, ಬಾಕಿ.
ಹಾಳೆ ತಿರುವಿದರೆ:
ಸರೋವರದ ಕಡೆಯ ಕಿಟಕಿಗೆ ಹೊರಗಿನಿಂದ ಹಲಗೆ ಹೊಡೆದದ್ದು,
ಬಡಗಿಯ ಕೂಲಿ ಮೂರು ಷಿಲಿಂಗು,
ಮೊಳೆ ಬೇರೆ.
ಗಂಡ ಸತ್ತದ್ದು ಫೆಬ್ರವರಿ. ಹಲಗೆ, ಅದರ ಹಿಂದಿನ ಅಕ್ಟೋಬರು.
ತೆಗೆಸಿದ ಲೆಕ್ಕ ಎಲ್ಲೂ ಇಲ್ಲ.

ಪತ್ರಿಕೆಯವರು ಮೂರರ ದೋಣಿಗೇ ಎದ್ದರು.
ನಾನೊಬ್ಬಳು ಆ ಕಿಟಕಿಯ ಮುಂದೆ ನಿಂತೆ.
ನೀರಿನ ಮೇಲಿಂದ ಮಂಜು ಬಂದು ಕೆನ್ನೆಗೆ ಕೂತಿತು.
ದೀಪ ಇತ್ತೆಂದೇ ಇಟ್ಟುಕೊಳ್ಳಿ,
ಕಂಡವರು ಯಾರು? ಯಾವ ದಡದಲ್ಲಿ ನಿಂತು?
ಆ ಚಳಿಗಾಲವಿಡೀ ಇಲ್ಲಿ
ಹಗಲಿಗೂ ರಾತ್ರಿಗೂ ಒಂದೇ ಬಣ್ಣ,
ಊದಿದ ಕಾಲು ಚಾಚಿ ಒಬ್ಬ ಹೆಂಗಸು.

ಮರುದಿನ ನಲವತ್ಮೂರು ಜನರ ಬಸ್ಸು.
ಕೈ ತಾನಾಗಿಯೇ ಕಿಟಕಿಯ ಕಡೆ ಎದ್ದಿತು:
'ಇಗೋ, ದೀಪ...'
ನಾಲಿಗೆಗೂ ಒಂದು ಜಾಡು, ಗಾಡಿಚಕ್ರಕ್ಕಿದ್ದ ಹಾಗೆ.

ಆಗ ಹಿಂದಿನಿಂದ ಒಂದು ಮಗು, ಹಲ್ಲು ಬಿದ್ದದ್ದು:
'ಇದೇನು, ಈ ಎರಡು ಗುಳಿ?'

ಕಲೆಯ ಪಕ್ಕದಲ್ಲೇ, ಓಕ್ ಹಲಗೆ ಸವೆದು
ಬೋಗುಣಿಯಂಥ ಎರಡು ತಗ್ಗು.
ಇಷ್ಟು ವರ್ಷ ನಾನೇ ನೋಡಿರಲಿಲ್ಲ.
ಅಜ್ಜಿ, ಅಮ್ಮ, ನಾನು.
ಪ್ರತಿ ಮಾರ್ಚಿಗೂ ಅದೇ ಜಾಗ.

'ಪಾಪ, ಇಲ್ಲೇ ಮಂಡಿಯೂರಿ ಬೇಡಿಕೊಂಡಿರಬೇಕು'
ಅಂದಳು ಮಗುವಿನ ತಾಯಿ.
'ಬೇಡೋದೇನು, ಕೊಂದ ಮೇಲೆ ಒರೆಸಿರಬೇಕು'
ಅಂದ ಬಸ್ಸಿನ ಚಾಲಕ.
ಎಲ್ಲರೂ ನನ್ನ ಕಡೆ ತಿರುಗಿದರು.

ಮೊಣಕಾಲಲ್ಲಿ ಚಳುಕು ಎದ್ದಿತು.
'ಮೆಟ್ಟಿಲು ಒದ್ದೆಯಿದೆ,' ಅಂದೆ,
'ಹುಷಾರಾಗಿ ಇಳಿಯಿರಿ.'