ನೂರಕ್ಕೆ ನೂರೇಳು

ಅಣ್ಣ ಆರ್ವಿಡ್ ಈ ಟ್ರಕ್ಕನ್ನು ನನಗೆ ಮಾರಿದಾಗ
(ಎಂಬತ್ತಾರರ ಫೋರ್ಡು, ಬಾಗಿಲ ತುಂಬ ತುಕ್ಕಿನ ಕಸೂತಿ,
ಹೀಟರಿನ ಬಿಸಿ ಎಡಗಾಲಿಗೆ ಮಾತ್ರ)
ಟೈರುಗಳಿಗೆ ಒದ್ದು ತೋರಿಸಿ ಹೇಳಿದ್ದ:
‘ದುಡ್ಡು ಇವಕ್ಕೆ ಕೊಡು,
ಉಳಿದದ್ದು ಪುಕ್ಕಟೆ ಅಂದುಕೋ.’

ಕೆಸರಿಗೆಂದೇ ಹುಟ್ಟಿದ ಟೈರುಗಳು.
ನಿಂತರೆ ಮೂವತ್ತೊಂದು ಇಂಚು,
ಒಂದೊಂದು ಹಲ್ಲೂ ನನ್ನ ಹೆಬ್ಬೆರಳ ಗಾತ್ರ.
ಡಾಂಬರು ಸಿಕ್ಕಿತೆಂದರೆ ಗುಂಯ್‌ಗುಟ್ಟುತ್ತಿದ್ದವು
ಡಬ್ಬಿಯಲ್ಲಿ ಸಿಕ್ಕ ದುಂಬಿಯ ಹಾಗೆ.

ನನ್ನದು ಟಪಾಲಿನ ಕೆಲಸ. ಉತ್ತರ ಡಕೋಟ,
ಕೆನಡಾದ ಗಾಳಿ ಸುಂಕವಿಲ್ಲದೆ ನುಗ್ಗುವ ಅಂಚು.
ದಿನಕ್ಕೆ ತೊಂಬತ್ತೆರಡು ಮೈಲಿ, ನಲವತ್ತೊಂದು ಡಬ್ಬಿ.
ಪೆಟ್ರೋಲು ನನ್ನ ಕಿಸೆಯಿಂದ.
ಅದಕ್ಕೇ ಗೇರಿನ ಕೋಲಿಗೆ ದಾರ ಕಟ್ಟಿ
ಒಂದು ಲೆಕ್ಕದ ಪುಸ್ತಕ:
ಗ್ಯಾಲನ್ನಿಗೆ ಹನ್ನೊಂದು. ಹನ್ನೊಂದು. ಹತ್ತೂ ಮುಕ್ಕಾಲು.
ಎದುರುಗಾಳಿಯ ವಾರ, ಒಂಬತ್ತೂವರೆ;
ಆ ಸಾಲಿನ ಪಕ್ಕ ಒಂದು ಬೈಗುಳ.

ಟೈರಿನಂಗಡಿಯ ಹೌಗ್‌ಸ್ಟಾಡ್ ಮಿತಭಾಷಿ.
ನನ್ನ ಕೈ ಹಿಡಿದು ಟೈರಿನ ಪಕ್ಕೆಗೆ ಒತ್ತಿದ.
‘ಬಿಸಿ ಇದೆಯಾ?’
‘ಇದೆ.’
‘ಅದು ನೀನು ಕೊಂಡ ಪೆಟ್ರೋಲು.
ಸುತ್ತು ಸುತ್ತಿಗೂ ಈ ರಬ್ಬರನ್ನು ಹಿಟ್ಟಿನ ಹಾಗೆ ನಾದಬೇಕು.
ನಾದುವ ಕೈ ಎಂಜಿನ್ನಿನದು. ಮುದಿ ಕೈ.’

ಹಾಕಿಸಿದೆ, ಸಣ್ಣ ಸೊಂಟದ, ನೇರ ಗೆರೆಗಳ ನಾಲ್ಕು,
ಬಾಗಿಲ ಚೀಟಿಯಲ್ಲಿ ಬರೆದಷ್ಟೇ ಗಾಳಿ.
ಮೊದಲ ಟ್ಯಾಂಕು: ಹದಿಮೂರೂವರೆ!
ಅವನ ಮೇಜಿನ ಮೇಲೆ ಪುಸ್ತಕ ಬಡಿದೆ.
ಕಾಫಿ ತಣ್ಣಗಾಗುವವರೆಗೆ ನೋಡಿ, ಅವನೆಂದ:
‘ಅಷ್ಟೊಂದು ಇಲ್ಲ.
ಮೈಲಿ ಎಣಿಸುವ ಯಂತ್ರಕ್ಕೆ ದಾರಿ ಗೊತ್ತಿಲ್ಲ,
ಗಾಲಿಯ ಸುತ್ತು ಮಾತ್ರ ಗೊತ್ತು.
ದೊಡ್ಡ ಗಾಲಿ ಕಡಿಮೆ ಸುತ್ತುತ್ತದೆ.
ನಿನ್ನ ಮೀಟರು ನೂರು ಅಂದಾಗ
ನೀನು ಓಡಿದ್ದು ನೂರೇಳು.’

ಅಂದರೆ ಆ ಹನ್ನೊಂದು, ಹನ್ನೆರಡಕ್ಕೆ ಒಂದು ಗೇಣು ಕಡಿಮೆ.
ಗೆದ್ದದ್ದು ಎರಡೂವರೆಯಲ್ಲ, ಒಂದೂ ಮುಕ್ಕಾಲೂ ಇಲ್ಲ.
ಮುಖ ಸಣ್ಣದಾಯಿತು. ಆದರೆ
ಮನೆಗೆ ಬರುವ ದಾರಿಯಲ್ಲಿ, ರೈಲುಹಳಿ ದಾಟುವಾಗ, ಹೊಳೆಯಿತು.
ಆರು ವರ್ಷ ಮೀಟರು ದಿನಾ ಎಂಬತ್ತಾರು ಎನ್ನುತ್ತಿತ್ತು,
ಅಂಚೆಯವರು ತೊಂಬತ್ತೆರಡಕ್ಕೆ ಕೊಡುತ್ತಿದ್ದರು,
ನಾನು ಕಳ್ಳಿಯ ಹಾಗೆ ಬಾಯಿ ಮುಚ್ಚಿಕೊಂಡು
ಕ್ರಿಸ್‌ಮಸ್ಸಿಗೆ ಪೋಸ್ಟ್‌ಮಾಸ್ಟರನಿಗೆ
ಒಂದು ಕೇಕು ಹೆಚ್ಚಿಗೆ ಕೊಡುತ್ತಿದ್ದೆ.
ಆ ಆರು ಮೈಲಿಯೂ ನಾನೇ ಓಡಿದ್ದು.
ಹಿಮದಲ್ಲಿ, ಕುರುಡುಗಾಳಿಯಲ್ಲಿ,
ಎಡಗಾಲು ಮಾತ್ರ ಬೆಚ್ಚಗಿಟ್ಟುಕೊಂಡು.

ಏಪ್ರಿಲಿನಲ್ಲಿ ಹಿಮ ಕರಗಿ
ಜೌಗಿನ ಪಕ್ಕದ ಮಣ್ಣುದಾರಿ ಗಂಜಿಯಾಯಿತು.
ಎರಡು ಸಲ ಹೂತೆ. ಟ್ರ್ಯಾಕ್ಟರು ಎಳೆಯಿತು.
ಆರ್ವಿಡ್ ಫೋನಿನಲ್ಲಿ ಕೆಮ್ಮು ಬರುವವರೆಗೆ ನಕ್ಕ.
ಅದನ್ನೂ ಪುಸ್ತಕದಲ್ಲಿ ಬರೆದೆ, ಖರ್ಚಿನ ಕಡೆ.

ಬರೆಯಲಾಗದ್ದು ಇನ್ನೊಂದಿದೆ.
ಮೂವತ್ತೆಂಟನೆಯ ಡಬ್ಬಿ, ಥೋರಾ ಬ್ಯೆರ್ಕೆ.
ಕಣ್ಣು ಹೆಚ್ಚೂಕಡಿಮೆ ಹೋಗಿದೆ.
ಹಳೆಯ ಟೈರಿನ ಗುಂಯ್ ಒಂದು ಮೈಲಿ ಆಚೆ ಕೇಳಿದ್ದೇ
ಕೋಟು ಹುಡುಕಿ, ಕೋಲು ಹುಡುಕಿ, ಗೇಟಿಗೆ ಬರುತ್ತಿದ್ದಳು,
ಕಾಗದ ಕೈಗೆ ಕೊಟ್ಟರೆ
ಯಾರದೆಂದು ಮೂಸಿ ಹೇಳುತ್ತಿದ್ದಳು.
ಸಣ್ಣ ಟೈರು ಬಂದ ವಾರ ಗೇಟು ಖಾಲಿ.
ನಾಲ್ಕನೆಯ ದಿನ ಬಾಗಿಲು ತಟ್ಟಿದೆ.
‘ಕೆಲಸ ಬಿಟ್ಟೆಯೇನೋ ಅಂದುಕೊಂಡೆ,’ ಅಂದಳು,
‘ಈಗೀಗ ಯಾವುದೋ ಮೆತ್ತನೆಯ ಗಾಡಿ ಬಂದು ಹೋಗುತ್ತದೆ.’

ಈಗ ಗೋಧಿ ಗೋದಾಮಿನ ತಿರುವಿನಲ್ಲಿ
ಎರಡು ಸಲ ಉದ್ದಕ್ಕೆ ಹಾರ್ನು ಒತ್ತುತ್ತೇನೆ.
ಹಾರ್ನಿಗೆ ಪೆಟ್ರೋಲು ಬೇಡ.
ಬೇಕಂತೆ, ಹೌಗ್‌ಸ್ಟಾಡ್ ಹೇಳಿದ,
ಒಂದು ತೊಟ್ಟು.
ಅದನ್ನು ಮಾತ್ರ ಬರೆಯುವುದಿಲ್ಲ.