ಪ್ಲೈವುಡ್ಡಿನವನು

ನಮ್ಮ ಕಾರಿನಲ್ಲಿ ಮೊದಲು ಕೂತವನು ಪ್ಲೈವುಡ್ಡಿನವನು:
ಸೊಂಟಕ್ಕೊಂದು ಬಿಲ್ಲೆ, ಭುಜಕ್ಕೊಂದು, ತಲೆಗೊಂದು ದೊಡ್ಡದು.
ಬೆವರಿಲ್ಲ, ಮೊಣಕಾಲಿಲ್ಲ.
ನಿಯಮ ಹೇಳಿದ ಹಾಗೆ ಕೂತ. ಪಾಸಾದ.

ಆಮೇಲೆ ಝೊಂಬೊರ್,
ಬಾಗಿಲುಗಳಿಗೆ ಬಗ್ಗಿ ಬಗ್ಗಿ ಗೂನಾದವನು.
ಕಮಾನಿನಿಂದ ಕಮಾನಿಗೆ ಬಿಗಿದ ದಾರಕ್ಕೆ
ಹೆಲ್ಮೆಟ್ಟು ತಾಗಿಯೇಬಿಟ್ಟಿತು.
ಮೂರು ಬೆರಳು ಕೆಳಗಿರಬೇಕು.
"ಉಸಿರು ಬಿಡು," ಅಂದೆ. ಬಿಟ್ಟ. ಒಂದು ಬೆರಳು ಇಳಿದ.

ಕೊನೆಗೆ ಬೊಗ್ಲಾರ್ಕಾ. ಒಳಗೆ ಮುಳುಗಿಹೋದಳು;
ಕಾಲ್ಬೆರಳಿಗೂ ಬ್ರೇಕಿಗೂ ಒಂದು ಗೇಣು.
"ಈ ನಕ್ಷೆ ಬರೆದವರು ಯಾರನ್ನು ಕೂರಿಸಿಕೊಂಡು ಬರೆದರು?"
ಬರೆದವನು ನಾನೇ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು
ನಾಲಿಗೆಯ ತುದಿಗೆ ಬಂತು; ನುಂಗಿಕೊಂಡೆ.

ರಾಬಾ ನದಿಯ ಮಂಜು ಗ್ಯಾರೇಜಿನ ಬಾಗಿಲವರೆಗೆ ಬಂದ ರಾತ್ರಿ
ಪೆಡಲುಗಳನ್ನು ಕಿತ್ತು ಹಳಿಯ ಮೇಲೆ ಕೂರಿಸಿದೆವು.
ಎರಡು ದ್ರವ ಬೆರೆಸಿ ಕಸದ ಚೀಲಕ್ಕೆ ಸುರಿದು
ಅದರ ಮೇಲೆ ಅವಳನ್ನು ಕೂರಿಸಿ, ಅಲುಗಬೇಡ ಎಂದೆವು.
ಹುದುಗಿದ ಹಿಟ್ಟಿನಂತೆ ನೊರೆ ಉಬ್ಬಿತು.
"ಅಯ್ಯೋ, ಬಿಸಿ!" ಎಂದು ನಕ್ಕಳು.
ನಗುವೂ ಅಚ್ಚಾಯಿತು:
ಎಡ ಪಕ್ಕೆಯ ಹತ್ತಿರ ಈಗಲೂ ಒಂದು ಸಣ್ಣ ಅಲೆ.

ಝೊಂಬೊರ್‌ಗೆ ಸೀಟೇ ಇಲ್ಲ,
ತಗಡಿನ ಮೇಲೆ ತೆಳು ಹಾಳೆ, ಅಷ್ಟೆ.

ತಪಾಸಣೆಯ ದಿನ. ಐದು ಸೆಕೆಂಡಿಗೆ ಹೊರಗಿರಬೇಕು.
ಬಕಲು ಬಿಚ್ಚಿ, ಸ್ಟೀರಿಂಗ್ ಕಳಚಿ
ನಾಲ್ಕಕ್ಕೆ ನೆಲದ ಮೇಲಿದ್ದಳು ಅವಳು.
ಅವನ ಮೊಣಕಾಲು ಕಮಾನಿಗೆ ಸಿಕ್ಕಿತು. ಆರು.
ಮತ್ತೆ. ಐದೂವರೆ.
ಮೂರನೆಯ ಸಲ ನಾನು ಗಡಿಯಾರ ನೋಡಲಿಲ್ಲ,
ಆ ಮೊಣಕಾಲನ್ನೇ ನೋಡುತ್ತಿದ್ದೆ.

ಪ್ಲೈವುಡ್ಡಿನವನು ಗೋಡೆಗೆ ಒರಗಿ ನಿಂತಿದ್ದ.
ಹೊರಗೆ ಬಾ ಎಂದು
ಅವನನ್ನು ಯಾರೂ ಕೇಳಿರಲಿಲ್ಲ.